ಎರಡಾಳಿನ ಅಗಲ

ನಮ್ಮ ಭಾವ ವೃಷಭೇಂದ್ರಪ್ಪನವರ ಮೇಲೆ ನನಗೆ ಮೂವತ್ತೈದು ವರ್ಷ ಸಿಟ್ಟಿತ್ತು. ಕಾರಣ ಹೇಳಿದರೆ ನೀವು ನಗುತ್ತೀರಿ, ನಕ್ಕುಬಿಡಿ. ಅವರು ಕುಡಿಯುವವರಲ್ಲ, ಬೈಯುವವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ನನ್ನ ಅಕ್ಕ ಅನ್ನಪೂರ್ಣಳ ಮೇಲೆ ಒಂದು ದಿನವೂ ದನಿ ಏರಿಸಿದ್ದಿಲ್ಲ. ಅವರ ತಪ್ಪು ಒಂದೇ. ದಾರಿಯಲ್ಲಿ ಅಕ್ಕನ ಮುಂದೆ ನಡೆಯುತ್ತಿದ್ದರು. ಒಂದು ಹೆಜ್ಜೆ ಎರಡು ಹೆಜ್ಜೆಯಲ್ಲ, ಮೂರು ನಾಲ್ಕು ಮಾರು ಮುಂದೆ.

ನಾವು ಅಜ್ಜಂಪುರದ ಕಡೆಯವರು. ಕರಿಮಣ್ಣಿನ ಸೀಮೆ. ಅಲ್ಲಿಯ ಗಾಡಿದಾರಿಯಲ್ಲಿ ಎರಡು ಎತ್ತಿನಗಾಡಿ ಎದುರುಬದುರಾದರೂ ಯಾರೂ ಇಳಿದು ಪಕ್ಕಕ್ಕೆ ಹೋಗಬೇಕಾಗಿಲ್ಲ. ಹತ್ತಿ ಬಿಡಿಸಲು ಹೊರಟ ಹುಡುಗಿಯರು ಐದಾರು ಜನ ಹೆಗಲಿಗೆ ಹೆಗಲು ತಾಗಿಸಿಕೊಂಡು, ಒಬ್ಬಳ ಮಾತಿಗೆ ಇನ್ನೊಬ್ಬಳು ಮುಖ ನೋಡಿ ನಗುತ್ತಾ, ದಾರಿಯ ಅಗಲಕ್ಕೂ ಹರಡಿಕೊಂಡು ಹೋಗುವುದು. ಅಕ್ಕ ಬೆಳೆದಿದ್ದು ಆ ದಾರಿಯಲ್ಲಿ.

ಮದುವೆಯಾಗಿ ಅವಳನ್ನು ಗಂಡನ ಮನೆಗೆ ಕಳಿಸುವಾಗ, ಹೊಸ ಜಾಗದಲ್ಲಿ ಬೇಸರವಾಗದಿರಲೆಂದು ಹನ್ನೆರಡು ವರ್ಷದ ನನ್ನನ್ನೂ ಜೊತೆ ಮಾಡಿದರು. ಭಾವನ ಊರು ಬಾಳೆಹೊನ್ನೂರಿನ ಆಚೆ. ಬಸ್ಸಿಳಿದ ಮೇಲೆ ಎರಡು ಮೈಲಿ ಕಾಲುಹಾದಿ, ಒಂದು ಕಾಲಿಡುವಷ್ಟೇ ಅಗಲ. ಭಾವ ಒಂದು ಕೋಲು ಹಿಡಿದು ಮುಂದೆ. ಅವರ ಹಿಂದೆ ರೇಷ್ಮೆಸೀರೆಯ ಅಕ್ಕ. ಅಕ್ಕನ ಹಿಂದೆ ನಾನು, ನನ್ನ ಹಿಂದೆ ಟ್ರಂಕು ಹೊತ್ತ ಅವರ ಚಿಕ್ಕಪ್ಪ. ನಾನು ಅಕ್ಕನ ಸೆರಗು ಜಗ್ಗಿ ಪಿಸುಗುಟ್ಟಿದೆ, "ಅಕ್ಕಾ, ಭಾವ ನೋಡೋಕೆ ಹೆಂಗಿದಾರೆ?"

"ಯಾರಿಗೊತ್ತು? ಬೆನ್ನಂತೂ ಚೆನ್ನಾಗೈತೆ," ಅಂದಳು.

ನಾವಿಬ್ಬರೂ ನಕ್ಕಿದ್ದು ಕೇಳಿ ಚಿಕ್ಕಪ್ಪ ಕೆಮ್ಮಿದರು. ಭಾವ ತಿರುಗಿ ನೋಡಲಿಲ್ಲ.

ಆಮೇಲೆ ಭಾವ ಕೆಲಸ ಹಿಡಿದು ಅಕ್ಕನ ಜೊತೆ ಕೊಪ್ಪದ ಪೇಟೆಗೆ ಬಂದರು. ನಾನೂ ಓದಿ, ಟೀಚರಾಗಿ, ಅಲ್ಲಿಗೇ ಬಂದು ನೆಲೆ ನಿಂತೆ. ಇಲ್ಲಿಯವರ ನಡಿಗೆ ನೋಡಿ ನೋಡಿ ಸಾಕಾಗಿದೆ. ಎಷ್ಟೇ ಅಗಲದ ರಸ್ತೆ ಕೊಡಿ, ಮಲೆನಾಡಿನವರು ಒಬ್ಬರ ಹಿಂದೊಬ್ಬರು. ಕಮ್ಮರಡಿ ಬಸ್ಸಿನಿಂದ ಒಂದು ಸಂಸಾರ ಇಳಿಯಿತು ಅನ್ನಿ, ಅಪ್ಪ ಮುಂದೆ, ಅಮ್ಮ ಹಿಂದೆ, ಮಕ್ಕಳು ಅವರ ಹಿಂದೆ, ಸೀದಾ ರೈಲು. ಮಾತೂ ಹಾಗೆಯೇ. ಮುಂದಿನವರು ಗಾಳಿಗೆ ಹೇಳುತ್ತಾರೆ, ಹಿಂದಿನವರು ಬೆನ್ನಿಗೆ ಉತ್ತರ ಕೊಡುತ್ತಾರೆ. ನಾನು ಶಾಲೆಯಲ್ಲಿ ಮಕ್ಕಳಿಗೆ "ಸಾಲಾಗಿ ನಿಲ್ಲಿ" ಅಂತ ಒಂದು ದಿನವೂ ಕೂಗಬೇಕಾಗಿಲ್ಲ. ಹುಟ್ಟುತ್ತಲೇ ಸಾಲಾಗಿ ಹುಟ್ಟಿದ ಮಕ್ಕಳು ಇವು.

ಇನ್ನು ಭಾವನ ಕೆಲಸ ಏನು ಗೊತ್ತೇ? ಕೇಳಿದರೆ ನನ್ನ ಸಿಟ್ಟು ನಿಮಗೂ ಅರ್ಥವಾಗುತ್ತದೆ. ಅವರು ಪಟ್ಟಣ ಪಂಚಾಯಿತಿಯಲ್ಲಿ ಫುಟ್‌ಪಾತ್ ಮೇಸ್ತ್ರಿ. ಮೊದಲು ದಿನಗೂಲಿ, ಆಮೇಲೆ ಕಾಯಂ. ಜನ ನಡೆಯುವ ದಾರಿ, ಅದರ ಕೆಳಗಿನ ಚರಂಡಿ, ಅದರ ಮೇಲಿನ ಚಪ್ಪಡಿ, ಎಲ್ಲ ಅವರ ಸುಪರ್ದು. ಬೆಳಿಗ್ಗೆ ಆರಕ್ಕೇ ಒಂದು ಕಬ್ಬಿಣದ ಸಲಾಕೆ ಹಿಡಿದು ಹೊರಡುವರು. ಒಂದೊಂದು ಚಪ್ಪಡಿಗೂ ಒಂದು ಕುಟ್ಟು. ಗಟ್ಟಿ ದನಿ ಬಂದರೆ ಮುಂದಿನದಕ್ಕೆ. ಪೊಳ್ಳು ದನಿ ಬಂದರೆ ಕೆಳಗಿನ ಮಣ್ಣು ಕೊಚ್ಚಿಹೋಗಿದೆ ಎಂದು ಅರ್ಥ, ಅಲ್ಲೊಂದು ಸುಣ್ಣದ ಗೆರೆ. ಮಳೆಗಾಲ ಹಿಡಿಯಿತೋ, ಪಾಚಿಯ ಜೊತೆ ಯುದ್ಧ. ಬ್ಲೀಚಿಂಗ್ ಪುಡಿ ಎರಚಿ, ತಂತಿಬ್ರಷ್ ಹಿಡಿದು ಕುಕ್ಕರಗಾಲಲ್ಲಿ ಕೂತು ತಿಕ್ಕುವುದು. ಯಾರಾದರೂ ಮುದುಕಿ ಜಾರಿಬಿದ್ದಳು ಅಂತ ಸುದ್ದಿ ಬಂದರೆ ಆ ದಿನ ಅವರಿಗೆ ಊಟ ಸೇರದು. ಅಂಗಡಿಯವರು ದಾರಿಗೆ ಮೂಟೆ ಇಟ್ಟರೆ ಜಗಳವಾಡುವುದಿಲ್ಲ, ತಾವೇ ಎತ್ತಿ ಒಳಗಿಟ್ಟು, "ಇಲ್ಲಿದ್ರೆ ಒದ್ದೆ ಆಗ್ತದೆ ಮಾರಾಯ," ಅಂತ ಹೇಳಿ ಹೋಗುವರು.

ಊರೆಲ್ಲ ಹೊಗಳುವುದು. ನನಗೆ ಮೈ ಉರಿಯುವುದು. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಗಾದೆ ಮಾಡಿದವರು ಸುಮ್ಮನೆ ಮಾಡಿದ್ದಾರೆಯೇ? ಒಮ್ಮೆ ಮುಖಕ್ಕೇ ಹೇಳಿದೆ. "ಭಾವ, ಊರಿನವರೆಲ್ಲ ಆರಾಮಾಗಿ ನಡೀಲಿ ಅಂತ ಜೀವ ಬಿಡ್ತೀರಿ. ಕಟ್ಟಿಕೊಂಡ ಹೆಂಡ್ತಿನ ಮಾತ್ರ ಹಿಂದೆ ಬಿಟ್ಟು ಹೋಗ್ತೀರಿ."

ನನಗೆ ನೌಕರಿ ಸಿಕ್ಕ ದಿನದಿಂದ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸುವುದು. "ಎಂತ ಮಾಡೋದು ಟೀಚರೇ, ಕಾಲು ನನ್ ಮಾತು ಕೇಳಬೇಕಲ್ಲ," ಅಂದು ಸಲಾಕೆ ಎತ್ತಿಕೊಂಡು ಹೊರಟೇಬಿಟ್ಟರು.

ಅಕ್ಕ ಇದನ್ನೆಲ್ಲ ಹೇಗೆ ಸಹಿಸುತ್ತಾಳೆ ಎಂದು ನನಗೆ ಆಶ್ಚರ್ಯ. ಒಂದು ಭಾನುವಾರ ನಮ್ಮ ಮನೆಯಲ್ಲಿ ಇಬ್ಬರೂ ಕೂತು ಅವರೆಕಾಳು ಸುಲಿಯುತ್ತಿದ್ದೆವು. ನಾನು ಎಂದಿನಂತೆ ಭಾವನ ಮೇಲೆ ಶುರುಮಾಡಿದೆ. ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿಂಗೆ ಗೊತ್ತಿಲ್ಲ ಕಣೇ ದಾಕ್ಷಾಯಿಣಿ. ಕಾಡುಹಾದೀಲಿ ಮುಂದೆ ನಡೆಯೋರಿಗೆ ಮುಖದ ತುಂಬ ಜೇಡರ ಬಲೆ. ಹಾವಿದ್ರೆ ಅದು ಸಿಗೋದು ಮೊದಲು ಅವರ ಕಾಲಿಗೆ. ಇವರು ಮುಂದೆ ಹೋಗೋದು ನನಗೋಸ್ಕರ. ಮದುವೆಯಾದ ಮೊದಲ ವರ್ಷವೇ ತಿಳೀತು."

"ಮುಂದೆ ಹೋದವರಿಗೆ ಬಲೆ ಸರಿ. ಹಿಂದೆ ಬಂದವಳಿಗೆ ಉಂಬಳ," ಅಂದೆ. ಕಾಡಿನ ಜಿಗಣೆ, ಉಂಬಳ, ಮೊದಲು ಹೋದವರ ಕಾಲಸಪ್ಪಳಕ್ಕೆ ಎಚ್ಚರವಾಗಿ ಎರಡನೆಯವರ ಕಾಲಿಗೆ ಹತ್ತುತ್ತದೆ. ಇದು ಇಲ್ಲಿ ಎಳೆಮಕ್ಕಳಿಗೂ ಗೊತ್ತು.

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ಬೇರೆಯೇ ದನಿಯಲ್ಲಿ ಅಂದಳು, "ಕಾರಣ ಗೊತ್ತಿದ್ರೆ ಆಸೆ ಸಾಯುತ್ತಾ? ನಿಮ್ಮ ಭಾವ ಮನೇಲಿ ಬಾಯಿ ಬಿಡೋರಲ್ಲ. ಮುಖ ಎದುರಿಗಿರುತ್ತೆ, ಮಾತಿರಲ್ಲ. ದಾರೀಲಿ ಕಾಲಿಟ್ರೆ ಮಾತಾಡ್ತಾರೆ. ಚಿಕ್ಕಂದಿನದ್ದು, ಕೆಲಸದ್ದು, ಯಾರಿಗೂ ಹೇಳದ್ದೆಲ್ಲ ಹೇಳ್ತಾರೆ. ಆಗ ಮುಖ ಕಾಣಲ್ಲ. ಒಂದೇ ಒಂದ್ಸಲ ಪಕ್ಕದಲ್ಲಿ ನಡೀಬೇಕು ಕಣೇ. ಅವರು ಮಾತಾಡ್ತಿರಬೇಕು, ನಾನು ಮುಖ ನೋಡ್ತಿರಬೇಕು. ನಮ್ಮೂರ ದಾರೀಲಿ ಹುಡುಗೀರು ನಡೀತಿದ್ವಲ್ಲ, ಹಂಗೆ."

"ಕೇಳೋದಲ್ವಾ?"

"ಕೇಳಿ ನಡೆಸಿಕೊಳ್ಳೋದಾ? ಹೋಗೇ," ಅಂದು ಸಿಪ್ಪೆಯನ್ನೆಲ್ಲ ಬಾಚಿ ಮೊರಕ್ಕೆ ತುಂಬಿದಳು.

ಇದಾಗಿ ಒಂದೆರಡು ವರ್ಷಕ್ಕೆ ಅಕ್ಕನಿಗೆ ಏದುಸಿರು ಶುರುವಾಯಿತು. ಎರಡು ಕೊಡ ನೀರು ಎತ್ತಿದರೆ ಗೋಡೆ ಹಿಡಿದು ನಿಲ್ಲುವಳು. ಶಿವಮೊಗ್ಗದಲ್ಲಿ ತೋರಿಸಿದರು. ಹೃದಯ ದುರ್ಬಲವಾಗಿದೆ, ಏರು ಹತ್ತಬಾರದು, ಆದರೆ ಸಮತಟ್ಟು ಜಾಗದಲ್ಲಿ ದಿನಾ ಅರ್ಧ ಗಂಟೆ ನಡೆಯಬೇಕು ಅಂತ ಡಾಕ್ಟರು ಬರೆದುಕೊಟ್ಟರು. ಕೊಪ್ಪದಲ್ಲಿ ಸಮತಟ್ಟು ಜಾಗ! ಇಲ್ಲಿ ಮನೆಯೊಳಗೆ ಉರುಳಿಸಿದ ನಿಂಬೆಹಣ್ಣು ಬಾಗಿಲು ದಾಟಿ ಪೇಟೆಗೆ ಹೋಗುತ್ತದೆ. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ, ಆಸ್ಪತ್ರೆ ರಸ್ತೆಯಲ್ಲಿ ನಮ್ಮ ಶಾಲೆಯ ಗೇಟಿನಿಂದ ಆಸ್ಪತ್ರೆಯ ಗೇಟಿನವರೆಗೆ ಆರುನೂರು ಹೆಜ್ಜೆ. ಅಲ್ಲಿಯ ಫುಟ್‌ಪಾತ್ ಹಳೆಯದು, ಎರಡಡಿ ಅಗಲದ ಚಪ್ಪಡಿ ಸಾಲು. ಭಾವ ಮುಂದೆ, ಅಕ್ಕ ಹಿಂದೆ, ಎರಡು ದಿನ ನಡೆದರು. ಮೂರನೆಯ ದಿನ ಒಂದು ಚಪ್ಪಡಿ ಕಟಕ್ ಎಂದು ವಾಲಿ ಅಕ್ಕ ಮುಗ್ಗರಿಸಿದಳು. ಬೀಳಲಿಲ್ಲ, ಕಾಂಪೌಂಡು ಹಿಡಿದುಕೊಂಡಳು. ಭಾವ ಓಡಿ ಬಂದಾಗ ಅವರ ಮುಖ ಬಿಳುಚಿಕೊಂಡಿತ್ತು. ಅವರು ಆ ಬೆಳಿಗ್ಗೆಯಷ್ಟೇ ಕುಟ್ಟಿ ಗಟ್ಟಿ ಇದೆ ಅಂದ ಚಪ್ಪಡಿ ಅದು.

ಅದೇ ಸಂಜೆ ಅವರು ನಮ್ಮ ಮನೆಗೆ ಬಂದರು. ಅಕ್ಕನಿಲ್ಲದೆ ಒಬ್ಬರೇ ಬಂದದ್ದು ಅದೇ ಮೊದಲು. ಕೂರಿ ಅಂದರೆ ಕೂರಲಿಲ್ಲ.

"ಟೀಚರೇ, ಡಾಕ್ಟರು ನನ್ನನ್ನ ಒಬ್ಬನೇ ಕರೆದು ಹೇಳಿದಾರೆ. ಹೆಚ್ಚಂದ್ರೆ ಒಂದು ವರ್ಷವಂತೆ, ಎರಡು ವರ್ಷವಂತೆ. ಅವಳಿಗೆ ಗೊತ್ತಿಲ್ಲ. ಅವಳಿಗೆ ಎಂತಾದ್ರೂ ಆಸೆ ಇದ್ರೆ ನಿಮಗೆ ಹೇಳಿರ್ತಾಳೆ. ಎಂತದು ಹೇಳಿ. ಧರ್ಮಸ್ಥಳವಾ, ಬಳೆಯಾ, ಎಂತದಾದ್ರೂ ಸರಿ."

ಅಳು ಬರಬೇಕಾದ ಜಾಗದಲ್ಲಿ ನನಗೆ ಸಿಟ್ಟೇ ಬಂತು. ಎಲ್ಲ ಹೇಳಿಬಿಟ್ಟೆ. ಅವರೆಕಾಳು ಸುಲಿದ ದಿನ ಅಕ್ಕ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮಾತು, ಮುಖ, ಪಕ್ಕದಲ್ಲಿ ನಡೆಯುವುದು. ಕೊನೆಗೆ, "ಇದಕ್ಕೆ ದುಡ್ಡು ಬೇಡ, ಬಸ್ಸು ಬೇಡ. ಆದ್ರೆ ನಿಮ್ಮ ಕೈಲಾಗಲ್ಲ ಬಿಡಿ," ಅಂತಲೂ ಸೇರಿಸಿದೆ. ನನ್ನ ನಾಲಗೆ ಅಷ್ಟು ಕೆಟ್ಟದ್ದು.

ಅವರು ನೆಲದ ಕಲ್ಲುಗಳ ಮೇಲೆ ಕಣ್ಣಾಡಿಸಿದರು. ಆಮೇಲೆ "ಅಲ್ಲಿ ಇಬ್ಬರು ನಡಿಯೋಷ್ಟು ಅಗಲ ಇಲ್ಲ ಟೀಚರೇ," ಅಂದರು. ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ನೆಪವಲ್ಲ, ಅವರು ಅಳತೆ ಹಾಕುತ್ತಿದ್ದರು.

ಆಸ್ಪತ್ರೆ ರಸ್ತೆಯ ಫುಟ್‌ಪಾತ್ ಹೊಸದಾಗಿ ಮಾಡುವುದು ಆ ವರ್ಷವೇ ಮಂಜೂರಾಗಿತ್ತು. ಕೆಲಸ ನೋಡಿಕೊಳ್ಳಲು ಬಂದ ಇಂಜಿನಿಯರ್ ದೀಕ್ಷಾ ದಾವಣಗೆರೆ ಕಡೆಯ ಹುಡುಗಿ, ಚುರುಕು. ಒಂದು ಮಧ್ಯಾಹ್ನ ನಮ್ಮ ಶಾಲೆಯ ಗೇಟಿನ ಮುಂದೆ ನಕ್ಷೆ ಹರಡಿಕೊಂಡು ಇಬ್ಬರೂ ನಿಂತಿದ್ದರು. ನಾನು ಗೇಟಿನ ಒಳಗಿದ್ದೆ, ಕಿವಿ ಹೊರಗಿತ್ತು. ನಕ್ಷೆಯಲ್ಲಿ ನಡೆಯುವವರಿಗೆ ನಾಲ್ಕಡಿ, ನಡುವೆ ಒಂದು ಅಂಚುಕಲ್ಲು, ಅದರಾಚೆ ಸೈಕಲ್ ಪಥ ಎರಡಡಿ.

"ನಾಲ್ಕಡಿ ಸಾಲಲ್ಲ ಮೇಡಂ," ಅಂದರು ಭಾವ. ಮೂವತ್ತು ವರ್ಷದಲ್ಲಿ ಅವರು ಮೇಲಿನವರಿಗೆ ಎದುರು ಮಾತಾಡಿದ್ದು ಅದೊಂದೇ ಸಲವಿರಬೇಕು.

"ಮತ್ತೆ ಎಷ್ಟು ಬೇಕು?"

"ಎರಡಾಳಿನ ಅಗಲ."

"ಆಳಿನ ಲೆಕ್ಕ ಎಸ್ಟಿಮೇಟಲ್ಲಿ ಬರಲ್ಲ ಮೇಸ್ತ್ರಿ. ಅಡಿ ಹೇಳಿ."

"ಅಡಿ ನನಗೆ ತಿಳಿಯಲ್ಲ. ಇಬ್ಬರು ಕೈಬೀಸಿಕೊಂಡು ಪಕ್ಕಪಕ್ಕ ನಡೀಬೇಕು. ಒಬ್ಬರಿಗೊಬ್ಬರು ತಾಗಬಾರದು." ಮತ್ತೆ ಮೆಲ್ಲಗೆ, "ತಾಗಿದ್ರೂ ಅಡ್ಡಿಲ್ಲ," ಅಂದರು.

ಆ ಹುಡುಗಿ ಅವರ ಮುಖ ನೋಡಿದಳು. ಯಾಕೆ ಅಂತ ಕೇಳಲಿಲ್ಲ, ಅವಳ ಹೊಟ್ಟೆ ತಣ್ಣಗಿರಲಿ. ನನ್ನ ಕ್ಲಾಸಿನ ಇಬ್ಬರು ಮಕ್ಕಳ ತಾಯಂದಿರು ಬಾಗಿಲಲ್ಲಿ ನಿಂತಿದ್ದರು. ಅವರನ್ನೇ ಪಕ್ಕಪಕ್ಕ ನಿಲ್ಲಿಸಿ ನಡೆಯಿರಿ ಅಂದು, ಟೇಪು ಹಿಡಿದು ನೋಡಿದಳು. ಆರಡಿ ಬಂತು. "ಸೈಕಲ್ ಪಥ ಏನು ಮಾಡೋದು?" ಅಂದಳು.

"ಈ ಊರಲ್ಲಿ ಸೈಕಲ್ ಇರೋದು ಪೇಪರ್ ಹಾಕೋ ಶ್ರೀಕಾಂತನ ಹತ್ರ. ಅವನೂ ಅರ್ಧ ಊರು ತಳ್ಕೊಂಡೇ ಹೋಗೋದು. ನಡುವಿನ ಕಲ್ಲು ತೆಗೆದು ಅಂಚಿಗೆ ಹಾಕುವ. ಅವನೂ ಹೋಗ್ಲಿ, ಇವರೂ ಹೋಗ್ಲಿ."

ಅವಳು ತಿದ್ದಿದ ನಕ್ಷೆ ಮೇಲೆ ಕಳಿಸಿದಳು. ಒಪ್ಪಿಗೆ ಬಂದಾಗ ಮಾರ್ಚ್ ಮುಗಿಯುತ್ತಿತ್ತು. ಮಳೆ ಹಿಡಿಯಲು ಎರಡು ತಿಂಗಳು. ಭಾವ ಕಂಟ್ರಾಕ್ಟರನ ಆಳುಗಳ ಜೊತೆ ತಾವೂ ಹಾರೆ ಹಿಡಿದರು. ಮಧ್ಯಾಹ್ನ ಬುತ್ತಿ ಬಿಚ್ಚುವುದೂ ಅಲ್ಲೇ. ಅಕ್ಕನಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅವಳೇ ಒಂದು ದಿನ ನನ್ನನ್ನು ಕೇಳಿದಳು, "ನಿಮ್ಮ ಭಾವ ನಿದ್ದೇಲಿ ಆರಡಿ ಆರಡಿ ಅಂತಾರಲ್ಲ, ಏನೇ ಅದು?" ನಾನು ಮುಖ ತಿರುಗಿಸಿಕೊಂಡೆ. ನನ್ನ ಮುಖ ಸುಳ್ಳು ಹೇಳಲು ಬರದ ಮುಖ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಬಾಯಿ ಬಿಡಿಸಿದಳು, ಡಾಕ್ಟರ ಮಾತೊಂದನ್ನು ಬಿಟ್ಟು. ಕೇಳಿಸಿಕೊಂಡು ಹದಿನೆಂಟರ ಹುಡುಗಿಯ ಹಾಗೆ ಕೆಂಪಾಗಿ, "ಥೂ ಹೋಗೇ, ಅವರಿಗೆ ಯಾಕೆ ಹೇಳಿದೆ," ಅಂತ ನನ್ನ ತೋಳಿಗೆ ಒಂದು ಕೊಟ್ಟಳು.

ನಡುವೆ ವಿಘ್ನೇಶ್ವರನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಅಡ್ಡ ಬಂತು. ದಾರಿಗೆ ಎರಡಡಿ ಚಾಚಿತ್ತು. ಭಾವ ಎರಡು ದಿನ ಅದರ ಸುತ್ತ ಸುಳಿದಾಡಿದರೇ ಹೊರತು ಬಾಯಿ ಬಿಡಲಿಲ್ಲ. ನನಗೆ ತಡೆಯಲಾಗದೆ ನಾನೇ ಹೋದೆ.

"ಎಂತ ಟೀಚರೇ ನೀವು, ಅದು ನಮ್ಮಜ್ಜ ಹಾಕಿಸಿದ ಮೆಟ್ಟಿಲು," ಅಂದ ವಿಘ್ನೇಶ್ವರ.

"ಅಜ್ಜನಿಗೆ ಕೈ ಮುಗಿದೆ. ಅವರು ಬಂದು ನನ್ನ ಅಕ್ಕನ್ನ ಎತ್ಕೊಂಡು ದಾಟಿಸ್ತಾರಾ ಕೇಳಿ."

ಅವನು ನಾಲ್ಕು ಮಾತು ಅಂದ, ನಾನು ಎಂಟು ಅಂದೆ. ಗಿರಾಕಿಗಳು ಮೊಳೆ ಮರೆತು ನಮ್ಮನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಭಾವ ಬಂದು, ಚಪ್ಪಲಿ ಬಿಟ್ಟು, ಆ ಮೆಟ್ಟಿಲ ಮೇಲೆಯೇ ನಿಂತು, "ನನ್ನ ಮನೆಯವಳು ಇಲ್ಲಿ ನಡೀಬೇಕು ಮಾರಾಯ್ರೇ. ಅವಳಿಗೆ ಹತ್ತಿ ಇಳಿಯೋಕೆ ಆಗಲ್ಲ," ಅಂದರು. ಅಷ್ಟೇ. ಮರುದಿನ ಬೆಳಿಗ್ಗೆ ನೋಡಿದರೆ ವಿಘ್ನೇಶ್ವರ ತಾನೇ ಸುತ್ತಿಗೆ ಹಿಡಿದು ಅಜ್ಜನ ಮೆಟ್ಟಿಲು ಒಡೆಯುತ್ತಿದ್ದ. ನನ್ನ ಎಂಟು ಮಾತಿಗಿಂತ ಅವರ ಎರಡು ಮಾತು ಭಾರ ತೂಗಿತು. ಅದಕ್ಕೂ ನನಗೆ ಸ್ವಲ್ಪ ಹೊಟ್ಟೆಯುರಿ.

ಏಪ್ರಿಲ್ ಕೊನೆಯ ವಾರ ಶಾಲೆಯ ಗೇಟಿನಿಂದ ನಲವತ್ತು ಅಡಿ ಮುಗಿಯಿತು. ಸಂಜೆ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಅಕ್ಕನನ್ನು ಆಟೋದಲ್ಲಿ ಕರೆತಂದರು. ನಾನು ಕಾಂಪೌಂಡಿನ ಮೇಲಿಂದ ಇಣುಕಿ ನೋಡುತ್ತಿದ್ದೆ, ನಾಚಿಕೆಗೆಟ್ಟವಳು. ಇಬ್ಬರೂ ಗೆರೆಗೆ ಸರಿಯಾಗಿ ಪಕ್ಕಪಕ್ಕ ನಿಂತರು. ಹೊರಟರು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಜೊತೆಗೆ. ಐದಕ್ಕೆ ಭಾವ ಅರ್ಧ ಹೆಜ್ಜೆ ಮುಂದೆ. ಹತ್ತಕ್ಕೆ ಒಂದು ಮಾರು. ಅಕ್ಕ ನಿಂತು ನಕ್ಕಳು. ಭಾವ ತಲೆ ಕೆರೆದುಕೊಂಡು ವಾಪಸು ಬಂದರು. ಎರಡನೆಯ ಸಲ ಭಾವ ಕಷ್ಟಪಟ್ಟು ನಿಧಾನಿಸಿದರೆ, ಅಕ್ಕನ ಕಾಲೇ ತನ್ನಷ್ಟಕ್ಕೆ ಇನ್ನೂ ನಿಧಾನವಾಗಿ ಹಿಂದೆ ಬಿತ್ತು. ಮೂವತ್ತೈದು ವರ್ಷ ಬೆನ್ನ ಹಿಂದೆ ನಡೆದ ಕಾಲು! ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಇದು ಕಲಿತ ಗುಣ, ಇದೂ ಹೋಗಲಿಲ್ಲ.

"ಪೂರಾ ಆಗ್ಲಿ ಬಿಡ್ರೀ. ಆಗ ಕಲಿತರಾಯ್ತು. ಆರುನೂರು ಹೆಜ್ಜೇಲಿ ಕಲೀದೆ ಇರ್ತೀವಾ?" ಅಂದಳು ಅಕ್ಕ.

ಆಮೇಲೆ ಭಾವ ಮನೆಯಲ್ಲಿ ಅಭ್ಯಾಸ ಶುರುಮಾಡಿದರು. ಒಂದು ದಿನ ಅಕ್ಕ ಫೋನಿನಲ್ಲಿ, ಉಸಿರು ಸಾಲದಿದ್ದರೂ ನಗುತ್ತಾ ಹೇಳಿದಳು, "ಇವತ್ತು ಜಗಲಿ ಮೇಲೆ ಹನ್ನೆರಡು ಅಡಿ ಜೊತೆಗೇ ನಡೆದ್ರು ಕಣೇ. ಆಮೇಲೆ ಗೋಡೆ ಬಂತು."

"ಏನ್ ಮಾತಾಡಿದ್ರು?"

"ಎಲ್ಲಿ ಮಾತಾಡ್ತಾರೆ? ಬಾಯಲ್ಲಿ ಹೆಜ್ಜೆ ಎಣಿಸ್ತಿದ್ರಲ್ಲ. ಮುಖ ನೋಡಿದೆ. ಪರೀಕ್ಷೆಗೆ ಕೂತ ಹುಡುಗನ ಮುಖ."

ಮಳೆ ಆ ವರ್ಷ ವಾರ ಮೊದಲೇ ಬಂತು. ಅಗೆದ ಗುಂಡಿಗಳಲ್ಲಿ ನೀರು ತುಂಬಿ ಕೆಲಸ ನಿಂತಿತು. ನೂರೈವತ್ತು ಹೆಜ್ಜೆಯಷ್ಟು ಆಗಿತ್ತು, ಉಳಿದದ್ದು ಕೆಸರು. ಭಾವ ದಿನಾ ಕೊಡೆ ಹಿಡಿದು ಹೋಗಿ ಗುಂಡಿ ನೋಡಿ ಬರುವರು, ನೋಡಿದರೆ ಇಂಗುತ್ತದೇನೋ ಎಂಬಂತೆ. ಅಕ್ಕ ಹೊರಗೆ ಬರುವುದನ್ನು ನಿಲ್ಲಿಸಿದಳು. ಕಾಲು ಊದಿಕೊಂಡಿತ್ತು. ನಾನು ಹೋದಾಗಲೆಲ್ಲ ಕೇಳುತ್ತಿದ್ದುದು ಒಂದೇ. "ಎಷ್ಟಾಯ್ತಂತೆ?" ನಾನು, "ಮುಗಿದೇ ಹೋಯ್ತು ಬಿಡು, ಹಬ್ಬದ ಹೊತ್ತಿಗೆ ನೀನೇ ನೋಡ್ತೀಯ," ಅನ್ನುತ್ತಿದ್ದೆ. ಅಷ್ಟು ಹೊತ್ತಿಗೆ ನನ್ನ ಮುಖ ಸುಳ್ಳು ಹೇಳಲು ಕಲಿತಿತ್ತು.

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ, ಅಕ್ಕನ ಮಗಳು ಅಂಬಿಕಾ ಗಂಡನ ಮನೆ ತರೀಕೆರೆಯಿಂದ ಬಂದು ತಲುಪುವ ಮೊದಲೇ, ಅಕ್ಕ ಹೋದಳು.

ನಮ್ಮ ಸಂಪ್ರದಾಯದಂತೆ ಕೂರಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ ಹೊತ್ತರು. ಮೆರವಣಿಗೆ ಆಸ್ಪತ್ರೆ ರಸ್ತೆಯಲ್ಲೇ ಹೋಗಬೇಕಾಯಿತು. ಭಾವ ವಿಮಾನದ ಹಿಂದೆ ನಡೆಯುತ್ತಿದ್ದರು. ಅಕ್ಕ ಮುಂದೆ, ಅವರು ಹಿಂದೆ. ಮದುವೆಯಾದ ಮೇಲೆ ಅದೇ ಮೊದಲ ಸಲ. ನನಗೆ ಅದು ಕಂಡ ಕ್ಷಣ ರಸ್ತೆಯ ನಡುವೆ ಕೂತು ಗೋಳೋ ಎಂದು ಅತ್ತೆ. ಜನ ಅಕ್ಕ ಸತ್ತಿದ್ದಕ್ಕೆ ಅಂದುಕೊಂಡರು.

ಇನ್ನು ಆ ಫುಟ್‌ಪಾತನ್ನು ಅವರು ಮುಟ್ಟುವುದಿಲ್ಲ ಅಂತ ನಾನು ತಿಳಿದಿದ್ದೆ. ಅಕ್ಟೋಬರಿನಲ್ಲಿ ಬಿಸಿಲು ಬಿದ್ದದ್ದೇ ತಡ, ಹಾರೆ ಹಿಡಿದು ಬಂದರು. ಮೊದಲಿಗಿಂತ ನಿಧಾನ, ಮೊದಲಿಗಿಂತ ಹಟ. ಆಳುಗಳು ಕೂರಿಸಿದ ಕಲ್ಲು ಒಂದು ನೂಲು ಎದ್ದಿದ್ದರೂ ಕೀಳಿಸುವರು. ಬೈಯುತ್ತಿರಲಿಲ್ಲ, ಕಿತ್ತು ತಾವೇ ಕೂರಿಸುವರು. ಆದರೆ ಒಂದು ಗಮನಿಸಿದೆ. ಮುಗಿದ ಫುಟ್‌ಪಾತಿನ ಮೇಲೆ ಅವರು ಕಾಲಿಡುತ್ತಿರಲಿಲ್ಲ. ಬರುವುದೂ ಹೋಗುವುದೂ ಡಾಂಬರಿನ ಅಂಚಿನಲ್ಲಿ, ಬಸ್ಸುಗಳ ಪಕ್ಕ. ಒಮ್ಮೆ ಶ್ರೀಕಾಂತ ಸೈಕಲ್ ನಿಲ್ಲಿಸಿ, "ಮೇಸ್ತ್ರಿ, ನೀವೇ ಮಾಡಿದ ದಾರಿಲಿ ನೀವೇ ನಡಿಯಲ್ಲ ಎಂತಕ್ಕೆ?" ಅಂತ ಕೇಳಿದನಂತೆ. "ಒಬ್ಬನಿಗೆ ಅಷ್ಟು ಅಗಲ ಎಂತಕ್ಕೆ ಮಾರಾಯ," ಅಂದರಂತೆ. ಅವನು ಬಂದು ನನಗೆ ಹೇಳಿ, ತಾನೇ ಕಣ್ಣೊರೆಸಿಕೊಂಡ.

ಜನವರಿ ಕೊನೆಗೆ ಆಸ್ಪತ್ರೆಯ ಗೇಟಿನ ಹತ್ತಿರ ಕೊನೆಯ ಕಲ್ಲು ಬಿತ್ತು. ಆ ಸಂಜೆ ಮಕ್ಕಳೆಲ್ಲ ಹೋಗಿ, ನಾನು ಕೊಠಡಿಗೆ ಬೀಗ ಹಾಕುತ್ತಿದ್ದೆ. ಭಾವ ಗೇಟಿನ ಹೊರಗೆ ನಿಂತಿದ್ದರು. ಅದೇ ಇಸ್ತ್ರಿ ಅಂಗಿ.

"ಟೀಚರೇ, ನಾಳೆ ಇಂಜಿನಿಯರ್ ಮೇಡಂ ಅಳತೆ ಬರ್ಕೊಳ್ತಾರೆ. ಅದಕ್ಕೆ ಮುಂಚೆ ಎರಡಾಳಿಗೆ ಸಾಕಾ ಅಂತ ನೋಡಬೇಕಿತ್ತು. ಒಂದ್ಸಲ ಜೊತೆಗೆ ನಡೀತೀರಾ?"

ಬೀಗದ ಕೈ ಬ್ಯಾಗಿಗೆ ಹಾಕಿಕೊಂಡು ಹೋಗಿ ಅವರ ಪಕ್ಕ ನಿಂತೆ. ನೀರು ಎತ್ತ ಹರಿಯುತ್ತದೆ ಎಂದು ನೋಡಲು ಮಧ್ಯಾಹ್ನವಷ್ಟೇ ದಾರಿಗೆಲ್ಲ ನೀರು ಹೊಡೆಸಿದ್ದರು. ಅಲ್ಲಲ್ಲಿ ಇನ್ನೂ ತೇವವಿತ್ತು.

ಹೊರಟೆವು. ಐದು ಹೆಜ್ಜೆ, ಹತ್ತು ಹೆಜ್ಜೆ, ಐವತ್ತು ಹೆಜ್ಜೆ. ಭಾವ ಮುಂದೆ ಹೋಗಲಿಲ್ಲ. ಎಣಿಸುತ್ತಲೂ ಇರಲಿಲ್ಲ. ನನ್ನ ಹೆಜ್ಜೆಗೆ ಸರಿಯಾಗಿ ಅವರ ಹೆಜ್ಜೆ ಬೀಳುತ್ತಿತ್ತು. ಯಾವಾಗ ಕಲಿತರೋ, ಆ ಖಾಲಿ ಜಗಲಿಯಲ್ಲಿ ಯಾರ ಪಕ್ಕ ನಡೆದು ಕಲಿತರೋ ನಾನು ಕೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮಾತಾಡತೊಡಗಿದರು. ಅವರಪ್ಪ ಕಾಲುಹಾದಿ ಕಡಿಯುವಾಗ ಇವರನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದುದು. ಮೊದಲ ಸಂಬಳದಲ್ಲಿ ಅಕ್ಕನಿಗೆ ಚಪ್ಪಲಿ ತಂದದ್ದು, ಅದು ಒಂದು ಬೆರಳು ಚಿಕ್ಕದಾದರೂ ಅವಳು ಹೇಳದೆ ವರ್ಷವಿಡೀ ಹಾಕಿದ್ದು. ನಾನು ಅವರ ಮುಖ ನೋಡುತ್ತಾ ನಡೆದೆ. ಮಾತಾಡುವಾಗ ಅವರ ಎಡಹುಬ್ಬು ಮೇಲೇರುತ್ತದೆ. ಸಂತೋಷದ ಮಾತಿಗೆ ಮೊದಲು ತುಟಿ ಒಂದು ಸಲ ಒದ್ದೆ ಮಾಡಿಕೊಳ್ಳುತ್ತಾರೆ. ಮೂವತ್ತೈದು ವರ್ಷ ಅಕ್ಕ ಆಸೆಪಟ್ಟ ಮುಖ ಇದು. ಬೈದವಳಿಗೆ ಸಿಕ್ಕಿತು, ಕಾದವಳಿಗೆ ಸಿಗಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ವಿಘ್ನೇಶ್ವರನ ಅಂಗಡಿ ದಾಟಿದ ಮೇಲೆ ಮರದ ನೆರಳಿರುವ ಜಾಗದಲ್ಲಿ ಕಲ್ಲು ಇನ್ನೂ ಆರಿರಲಿಲ್ಲ. ಭಾವ ಮಾತು ನಿಲ್ಲಿಸದೆಯೇ, ಪಕ್ಕದಲ್ಲಿದ್ದ ನನ್ನ ಕಡೆ ನೋಡದೆ, ಹೆಗಲ ಮೇಲಿಂದ ಕತ್ತು ಹಿಂದಕ್ಕೆ ಹೊರಳಿಸಿ ಹೇಳಿದರು, "ಇವಳೇ, ನಿಧಾನ ಬಾ. ಇಲ್ಲಿ ಕಲ್ಲು ಹಸಿ ಉಂಟು."

ಹೇಳಿದ ಮೇಲೆ ಅವರಿಗೆ ತಿಳಿಯಿತು. ನಿಂತರು. ನಾನೂ ನಿಂತೆ. ಹಿಂದೆ ಶಾಲೆಯ ಗೇಟಿನವರೆಗೂ ಆರಡಿ ಅಗಲದ ದಾರಿ, ಒಂದು ನರಪಿಳ್ಳೆ ಇಲ್ಲ. ಅವರು ಹೊರಳಿಸಿದ ಕತ್ತನ್ನು ತಿರುಗಿಸಲಾರದೆ ಹಾಗೇ ನೋಡುತ್ತಿದ್ದರು.

ನಾನು ಎರಡು ಹೆಜ್ಜೆ ಹಿಂದೆ ಸರಿದು, ಅವರ ಬೆನ್ನಿಗೆ ಸರಿಯಾಗಿ ನಿಂತೆ.

"ಬಂದೆ, ನಡೀರಿ," ಅಂದೆ.

ಭಾವ ಮುಂದೆ ನಡೆದರು.